ಹೆಸರು ಹಿಡಿದು ಕರೆಯುವ ಫಾರಂ

ಅಕ್ಕ ತೀರಿಕೊಂಡ ಹದಿನೈದನೆಯ ದಿನ ಆಸ್ಪತ್ರೆಯಿಂದ ನನ್ನ ಮೊಬೈಲಿಗೆ ಒಂದು ಸಂದೇಶ ಬಂತು. ನಮ್ಮ ಸೇವೆ ಹೇಗಿತ್ತು, ಎರಡು ನಿಮಿಷ ಬಿಡುವು ಮಾಡಿಕೊಂಡು ತಿಳಿಸಿ ಎಂದು. ನನಗೆ ಹೇಳುವುದಿತ್ತು. ಕೊನೆಯ ರಾತ್ರಿ ಎರಡು ಗಂಟೆಯಲ್ಲಿ ಕರೆಗಂಟೆ ಒತ್ತಿ ಒತ್ತಿ ಬೆರಳು ಸೋತರೂ ಯಾರೂ ಬಂದಿರಲಿಲ್ಲ. ಅದನ್ನು ಎಲ್ಲಾದರೂ ಬರೆದು ಹಾಕಬೇಕೆಂದು ಕಾದಿದ್ದವನು ನಾನು. ಕೂಡಲೇ ಫಾರಂ ತೆರೆದೆ.

ರೋಗಿಯ ಹೆಸರು ಕೇಳಿತು. ಜಾನಕಿ ಎಂದು ತುಂಬಿದೆ. ಆಸ್ಪತ್ರೆಯಿಂದ ಹೊರಟಾಗಿನ ಸ್ಥಿತಿ ಕೇಳಿತು. ಕೊಟ್ಟಿದ್ದ ನಾಲ್ಕು ಉತ್ತರಗಳಲ್ಲಿ ಕೊನೆಯದು ‘ನಿಧನ’. ಅದನ್ನು ಒತ್ತಿದೆ. ಮುಂದಿನ ಪುಟ ಬಂತು. ‘ಜಾನಕಿ ಈಗ ಹೇಗಿದ್ದಾರೆ?’ ಎಂದು ದಪ್ಪಕ್ಷರದಲ್ಲಿ ಪ್ರಶ್ನೆ. ಪೂರ್ಣ ಗುಣವಾಗಿದ್ದಾರೆ, ಸುಧಾರಿಸುತ್ತಿದ್ದಾರೆ, ಹಾಗೆಯೇ ಇದ್ದಾರೆ. ಪಕ್ಕದಲ್ಲಿ ಒಂದು ಕೆಂಪು ನಕ್ಷತ್ರ. ಅಂದರೆ, ಉತ್ತರ ಕೊಡದೆ ಮುಂದಕ್ಕೆ ಬಿಡುವುದಿಲ್ಲ. ನಾನು ಬರೆಯಬೇಕೆಂದಿದ್ದ ದೂರಿಗೆ ಜಾಗ ಇದ್ದರೆ ಅದರ ಆಚೆಗೇ ಇರಬೇಕು. ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆಮೇಲೆ ‘ಸುಧಾರಿಸುತ್ತಿದ್ದಾರೆ’ ಎಂಬುದನ್ನು ಒತ್ತಿದೆ.

ಇದನ್ನು ತಂಗಿಯ ಮಗನ ಮುಂದೆ ಹೇಳಿಕೊಂಡೆ. ಬೆಂಗಳೂರಿನಲ್ಲಿ ಇಂಥ ಫಾರಂಗಳನ್ನು ಮಾಡಿಕೊಡುವುದೇ ಅವನ ಉದ್ಯೋಗ. “ಅದಕ್ಕೆ ಪೈಪಿಂಗ್ ಅಂತಾರೆ ಮಾವ. ಮೊದಲು ಕೊಟ್ಟ ಉತ್ತರವನ್ನ ಮುಂದಿನ ಪ್ರಶ್ನೆಯೊಳಕ್ಕೆ ಹರಿಸೋದು. ಹೆಸರು ಹಿಡಿದು ಕೇಳಿದರೆ ಯಾರೋ ಮಾತಾಡಿಸಿದ ಹಾಗಿರುತ್ತೆ, ಜನ ಅರ್ಧಕ್ಕೇ ಬಿಟ್ಟು ಹೋಗಲ್ಲ. ದೊಡ್ಡಮ್ಮನ ವಿಷಯದಲ್ಲಿ ಕವಲು ಹಾಕೋದು ಮರೆತಿದ್ದಾರೆ, ಅಷ್ಟೆ” ಎಂದ.

ಅಷ್ಟೆಯಂತೆ! ಹೆಸರನ್ನು ಹರಿಸಲು ಯಾರೂ ಮರೆಯಲಿಲ್ಲ. ಸಾವನ್ನು ಹರಿಸಲು ಮರೆತರು. ನನ್ನ ಜಗಳ ಈ ಮರೆವಿನ ಮೇಲೆಯೇ. ಹೆಸರು ಅಂಟಿಸುವುದು ಅಗ್ಗದ ಕೆಲಸ, ಒಂದು ತೆರಪು ಬಿಟ್ಟರೆ ಮುಗಿಯಿತು. ಉತ್ತರದ ಅರ್ಥವನ್ನು ಮುಂದಕ್ಕೆ ಒಯ್ಯಬೇಕಾದರೆ, ಹೀಗೆಂದವನಿಗೆ ಮುಂದೆ ಏನು ಕೇಳಬೇಕು, ಏನು ಕೇಳಬಾರದು ಎಂದು ಒಬ್ಬ ಮನುಷ್ಯ ಕುಳಿತು ಯೋಚಿಸಬೇಕು. ಆ ಯೋಚನೆಯ ಖರ್ಚನ್ನು ಉಳಿಸಿ, ಯೋಚಿಸಿದವರ ಮುಖಭಾವವನ್ನು ಮಾತ್ರ ತೊಟ್ಟುಕೊಳ್ಳುವುದು ಮೋಸವಲ್ಲದೆ ಮತ್ತೇನು? ಸ್ವಭಾವ ಹೇಳುತ್ತೇವೆನ್ನುವ ಕ್ವಿಜ್‌ಗಳೂ ಇದೇ ಜಾತಿಯವು. ಮಲ್ಲಿಗೆ ಇಷ್ಟ ಎಂದು ನಾನೇ ಹೇಳಿದ್ದನ್ನು ಕೊನೆಯಲ್ಲಿ ನನ್ನ ಗುಣವೆಂದು ನನಗೇ ಓದಿ ಹೇಳುತ್ತವೆ.

ಈ ವಿದ್ಯೆ ಹೊಸದೇನಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿದ್ದ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ‘ಎಲೈಜಾ’ ಎಂಬ ಪ್ರೋಗ್ರಾಮನ್ನು ಪ್ರಕಟಿಸಿದರು. ಮನೋವೈದ್ಯರ ಧಾಟಿಯಲ್ಲಿ ಮಾತಾಡುವ ಯಂತ್ರ ಅದು. ನೀವು ‘ನನ್ನ’ ಎಂದು ಶುರುಮಾಡಿ ಹೇಳಿದ ಮಾತನ್ನು ತೆಗೆದಿಟ್ಟುಕೊಂಡು, ಮುಂದೆ ಏನೂ ತೋಚದಾದಾಗ, ಆಗ ಹೇಳಿದಿರಲ್ಲ, ಅದಕ್ಕೂ ಇದಕ್ಕೂ ಸಂಬಂಧವಿದೆಯೆ ಎಂದು ಕೇಳುತ್ತಿತ್ತು. ಅರ್ಥ ಎಳ್ಳಷ್ಟೂ ಗೊತ್ತಿರಲಿಲ್ಲ. ಆದರೂ, ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ಮಾತಿಗೆ ಕುಳಿತು, ಸ್ವಲ್ಪ ಹೊರಗೆ ಹೋಗಿ ಎಂದು ಅವರನ್ನು ಕೇಳಿಕೊಂಡಳಂತೆ. ವೈಜೆನ್‌ಬಾಮ್ ಬೆಚ್ಚಿಬಿದ್ದರು, 1976ರಲ್ಲಿ ಪುಸ್ತಕವನ್ನೇ ಬರೆದು ಎಚ್ಚರಿಸಿದರು. ಲೋಕ ಅವರ ಎಚ್ಚರವನ್ನು ಅಲ್ಲಿಯೇ ಬಿಟ್ಟು ಉಪಾಯವನ್ನು ಎತ್ತಿಕೊಂಡಿತು. ನಮ್ಮ ಬುಡಬುಡಿಕೆಯವನೂ ಪಕ್ಕದ ಮನೆಯಲ್ಲಿ ವಿಚಾರಿಸಿಕೊಂಡು ಬಂದೇ ನಮ್ಮ ಮನೆಯ ಸಂಗತಿ ನುಡಿಯುತ್ತಿದ್ದ. ಆದರೆ ಸಾವಾದ ಮನೆಯ ಮುಂದೆ ನಿಂತು ಎಲ್ಲರೂ ಸೌಖ್ಯವೆ ಎಂದು ಕೇಳಬಾರದೆಂಬಷ್ಟು ಅವನಿಗೆ ತಿಳಿದಿತ್ತು.

ಇನ್ನು ಕನ್ನಡದ ಪಾಡು. ಇಂಗ್ಲಿಷಿನಲ್ಲಿ ಊರಿನ ಹೆಸರನ್ನು ತಂದು ತೆರಪಿನಲ್ಲಿಟ್ಟರೆ ವಾಕ್ಯ ನಿಲ್ಲುತ್ತದೆ. ಕನ್ನಡದಲ್ಲಿ ಹೆಸರಿಗೆ ವಿಭಕ್ತಿ ಸೇರಬೇಕು, ಸೇರುವಾಗ ಒಂದೊಂದು ಹೆಸರೂ ಒಂದೊಂದು ಬಗೆಯಲ್ಲಿ ಬಾಗುತ್ತದೆ: ಮೈಸೂರಿನಲ್ಲಿ, ಶಿವಮೊಗ್ಗದಲ್ಲಿ, ಹುಬ್ಬಳ್ಳಿಯಲ್ಲಿ. ಎಲ್ಲಕ್ಕೂ ಒಂದೇ ‘ನಲ್ಲಿ’ ಮೆತ್ತುವ ಫಾರಂ ‘ನೀವು ಹುಬ್ಬಳ್ಳಿನಲ್ಲಿ ಎಷ್ಟು ವರ್ಷದಿಂದ ಇದ್ದೀರಿ?’ ಎಂದು ಆತ್ಮೀಯವಾಗಿ ವಿಚಾರಿಸುತ್ತದೆ. ನಮ್ಮ ಹಳೆಯ ಕಚೇರಿ ಗುಮಾಸ್ತರು ಈ ತೊಡಕನ್ನು ಎಂದೋ ಬಗೆಹರಿಸಿದ್ದರು. ಅಚ್ಚಾದ ನೋಟೀಸಿನಲ್ಲಿ ಚುಕ್ಕೆಗಳ ಸಾಲು ಬಿಟ್ಟು, ಅದರ ಮುಂದೆ ‘ಇವರಿಗೆ’, ‘ಎಂಬುವರ’, ‘ಗ್ರಾಮದಲ್ಲಿ’ ಎಂದಿರುತ್ತಿತ್ತು. ಯಾವ ಹೆಸರು ಬಂದು ಕೂತರೂ ವ್ಯಾಕರಣ ಕೆಡುತ್ತಿರಲಿಲ್ಲ. ಒರಟು ಕಾಗದ, ನಿಜ. ಆದರೆ ತಾನು ಚುಕ್ಕೆ ತುಂಬಿಸಿಕೊಂಡ ಕಾಗದ ಎಂಬುದನ್ನು ಅದು ಮುಚ್ಚಿಡುತ್ತಿರಲಿಲ್ಲ.

ಹಿಂದಿನ ಉತ್ತರವನ್ನು ನೆನಪಿಡುವುದೇ ತಪ್ಪೆಂದು ನನ್ನ ವಾದವಲ್ಲ. ಉದ್ಯೋಗ ನಿರುದ್ಯೋಗಗಳ ಲೆಕ್ಕಕ್ಕಾಗಿ ಅಮೆರಿಕದಲ್ಲಿ ತಿಂಗಳು ತಿಂಗಳೂ ಮನೆಗಳನ್ನು ವಿಚಾರಿಸುವ ಸಮೀಕ್ಷೆಯೊಂದಿದೆ. ಒಂದೇ ಕೆಲಸವನ್ನು ಜನ ಈ ತಿಂಗಳು ಒಂದು ಮಾತಿನಲ್ಲಿ, ಮರುತಿಂಗಳು ಇನ್ನೊಂದು ಮಾತಿನಲ್ಲಿ ಹೇಳಿ, ಕೂತಲ್ಲೇ ಕೂತವರೂ ಉದ್ಯೋಗ ಬದಲಿಸಿದವರಂತೆ ಲೆಕ್ಕಕ್ಕೆ ಸೇರುತ್ತಿದ್ದರು. 1994ರ ಜನವರಿಯಲ್ಲಿ ಪ್ರಶ್ನೆಗಳನ್ನು ಹೊಸದಾಗಿ ರೂಪಿಸಿದಾಗ, ಹೋದ ತಿಂಗಳ ಉತ್ತರವನ್ನು ಓದಿ ಹೇಳಿ, ಈಗಲೂ ಅದೇ ಕೆಲಸವೆ ಎಂದು ಕೇಳತೊಡಗಿದರು. ಸುಳ್ಳು ಬದಲಾವಣೆ ಬಹಳ ಮಟ್ಟಿಗೆ ತಗ್ಗಿತು. ಆ ‘ಈಗಲೂ’ ಎಂಬ ಮಾತನ್ನು ಗಮನಿಸಿ. ಹಳೆಯ ಉತ್ತರವನ್ನು ನನ್ನೆದುರಿಗಿಟ್ಟು, ತಿದ್ದುವ ಹಕ್ಕನ್ನು ನನಗೇ ಬಿಡುವ ಪ್ರಶ್ನೆ ಅದು. ನಮ್ಮೂರ ಡಾಕ್ಟರು ‘ಹೋದ ಸಲ ಎಡ ಮೊಣಕಾಲು ಅಂದಿದ್ರಿ, ಈಗ?’ ಎಂದು ಕೇಳುತ್ತಿದ್ದುದೂ ಹಾಗೆಯೇ. ಅವರು ನನ್ನ ಹೆಸರು ಹಿಡಿದದ್ದು ಕಡಿಮೆ.

ಫಾರಂ ಮಾಡುವವರಲ್ಲಿ ನನ್ನ ತಗಾದೆ ದೊಡ್ಡದಲ್ಲ. ನನ್ನ ಒಂದು ಉತ್ತರವನ್ನು ಬಳಸುವುದಾದರೆ ಉಳಿದವನ್ನೂ ಬಳಸಿ. ಆಗದಿದ್ದರೆ ಹೆಸರನ್ನೂ ಬಿಡಿ, ‘ರೋಗಿ’ ಎಂದೇ ಕೇಳಿ, ಬೇಸರವಿಲ್ಲ. ಕಳಿಸುವ ಮುಂಚೆ ಪ್ರತಿಯೊಂದು ಆಯ್ಕೆಯನ್ನೂ ನೀವೇ ಒಮ್ಮೆ ಒತ್ತಿ ನೋಡಿ. ‘ನಿಧನ’ ಎಂದವನ ಮುಂದೆ ಒಂದು ಖಾಲಿ ಚೌಕ ಇಟ್ಟರೆ ಸಾಕು, ನಕ್ಷತ್ರವಿಲ್ಲದ್ದು. ಅಷ್ಟು ನೋಡುವುದಕ್ಕೆ ಯಾರೂ ಸಮಯ ಕೊಡುವುದಿಲ್ಲ ಎನ್ನುತ್ತಾನೆ ತಂಗಿಯ ಮಗ. ಎರಡು ನಿಮಿಷ ಬಿಡುವು ಮಾಡಿಕೊಳ್ಳಿ ಎಂದು ನನಗೆ ಬರೆದವರು ಅವರೇ ತಾನೆ?

ಅಂದು ಮುಂದಿನ ಪುಟದಲ್ಲಿ ದೂರಿಗೆ ಜಾಗ ಇತ್ತು. ಕರೆಗಂಟೆಯ ವಿಷಯ, ಗಂಟೆ, ವಾರ್ಡು ಎಲ್ಲವನ್ನೂ ಬರೆದು ಕಳಿಸಿದೆ. ಮೂರನೆಯ ದಿನ ಉತ್ತರ ಬಂತು. ಜಾನಕಿ ಅವರು ಸುಧಾರಿಸುತ್ತಿರುವುದು ತಿಳಿದು ಸಂತೋಷವಾಯಿತು ಎಂದಿತ್ತು. ಕರೆಗಂಟೆಯ ಮಾತು ಅದರಲ್ಲಿರಲಿಲ್ಲ.