ನೆಹರೂ ಪ್ಲೇಸಿನಲ್ಲಿ ಔಚಿತ್ಯವಿಚಾರ

ಕಳೆದ ತಿಂಗಳು ನಮ್ಮ ಬಳಗದ ಕೂಟ ಮುಗಿದು ಚಹಾ ಕುಡಿಯುತ್ತಿದ್ದಾಗ ಹಿರಿಯ ಮಿತ್ರರೊಬ್ಬರು ಕೇಳಿದರು: "ಆಟ ಆಡೋ ಕಂಪ್ಯೂಟರಿಗೆ ಐವತ್ತೇಳು ಸಾವಿರ ಕೊಟ್ಟಿರಂತೆ, ಹೌದೇನಮ್ಮಾ?" ವರ್ಷದ ಹಿಂದಿನ ಖರೀದಿಯ ಸುದ್ದಿ ಅವರನ್ನು ಈಗಷ್ಟೇ ತಲುಪಿತ್ತು. ಆ ದನಿಯಲ್ಲಿ ಕುತೂಹಲಕ್ಕಿಂತ ಮರುಕವೇ ಹೆಚ್ಚಾಗಿತ್ತು. ಅಂದಿನ ಗದ್ದಲದಲ್ಲಿ ಸರಿಯಾಗಿ ಉತ್ತರಿಸಲಾಗಲಿಲ್ಲ. ಈ ಬರಹವೇ ಆ ಉತ್ತರ.

ಹಿರಿಯರ ಮರುಕ ನಮಗೆ ಅರ್ಥವಾಗದ್ದೇನಲ್ಲ. ದೆಹಲಿಯಲ್ಲೋ ನೋಯ್ಡಾದಲ್ಲೋ ನೆಲೆಸಿದ ನಮ್ಮಂಥ ಕನ್ನಡ ಮನೆಗಳಲ್ಲಿ ದುಡ್ಡು ಹೋಗಲು ಗೌರವದ ದಾರಿಗಳು ಮೂರೇ: ಮಕ್ಕಳ ಕೋಚಿಂಗು, ಊರಿನ ಮನೆಯ ದುರಸ್ತಿ, ಕರ್ನಾಟಕ ಎಕ್ಸ್‌ಪ್ರೆಸ್ಸಿನ ಟಿಕೆಟ್ಟು. ಆಟ ಈ ಪಟ್ಟಿಯಲ್ಲಿಲ್ಲ. ಆದರೂ ನಮ್ಮ ಅಭಿಪ್ರಾಯ ಇದು: ಮಕ್ಕಳು ಗೇಮಿಂಗ್ ಕಂಪ್ಯೂಟರ್ ಕೇಳಿದಾಗ ಒಂದೇ ಮಾತಿಗೆ ಬೇಡವೆನ್ನುವುದು ಸರಿಯಲ್ಲ, ಸಿದ್ಧವಾದದ್ದನ್ನು ತಂದುಕೊಟ್ಟು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಹಣಕ್ಕೊಂದು ಮಿತಿ ಹಾಕಿ, ಬಿಡಿಭಾಗಗಳನ್ನು ಅವರೇ ಆರಿಸಲಿ, ಪ್ರತಿಯೊಂದಕ್ಕೂ ಕಾರಣ ಹೇಳಲಿ ಎಂದು ಪಟ್ಟುಹಿಡಿಯಬೇಕು. ಆ ಕಾರಣಗಳನ್ನು ಕೂತು ಕೇಳುವ ತಾಳ್ಮೆ ನಮಗಿರಬೇಕು.

ಮಗಳು ಆಗ ಒಂಬತ್ತನೆಯ ತರಗತಿ. 2024ರ ದೀಪಾವಳಿಯ ಹೊತ್ತಿಗೆ ತುಟ್ಟಿಭತ್ಯೆಯ ಬಾಕಿ ಕೈಗೆ ಬಂದಿತ್ತು, ಒಂದು ಆರ್‌ಡಿ ಮುಗಿದಿತ್ತು. ಎರಡನ್ನೂ ಕೂಡಿಸಿ ಅರವತ್ತು ಸಾವಿರವೆಂದು ಗೆರೆ ಎಳೆದೆವು. ಎರಡು ತಿಂಗಳ ಮೂಲ ವೇತನಕ್ಕಿಂತ ಹೆಚ್ಚಿನ ಚರ ಆಸ್ತಿ ಕೊಂಡರೆ ಇಲಾಖೆಗೆ ತಿಳಿಸಬೇಕೆಂಬುದು ನಮ್ಮ ನಡತೆ ನಿಯಮ. ಅಷ್ಟು ದೂರ ಹೋಗುವ ಪ್ರಮೇಯವಿರಲಿಲ್ಲ. ಮಗಳಿಗೆ ಹಾಕಿದ ಷರತ್ತು ಒಂದೇ: "ಟಿಪ್ಪಣಿ ಬರೆದು ಕೊಡು. ಯಾವ ಭಾಗ, ಎಷ್ಟು ದರ, ಅದೇ ಏಕೆ. ಕನ್ನಡದಲ್ಲಿ ಬರೆ."

ಟಿಪ್ಪಣಿ ಕೇಳುವುದು ನಮ್ಮ ಕಚೇರಿಯ ಚಾಳಿ. ಅಲ್ಲಿ ಟೆಂಡರ್ ಎಂದರೆ ಎರಡು ಲಕೋಟೆ. ಮೊದಲನೆಯದರಲ್ಲಿ ಅರ್ಹತೆ, ಎರಡನೆಯದರಲ್ಲಿ ದರ. ಅರ್ಹರಾದವರಲ್ಲಿ ಅತಿ ಕಡಿಮೆ ದರ ಬರೆದವನಿಗೆ ಕೆಲಸ. ಆತನಿಗೆ ಎಲ್-1 ಎಂದು ಹೆಸರು. ಕಾಗದದ ರೀಮು, ಕುರ್ಚಿ, ಫೈಲು ಕೊಳ್ಳಲು ಈ ಪದ್ಧತಿ ಸಾಕು, ಆಡಿಟ್ಟಿಗೂ ಹಿತ. ಕೆಡುಕೆಂದರೆ ಕ್ರಮೇಣ ಅದು ಕಚೇರಿಯಿಂದ ಮನೆಗೆ ನಡೆದುಬರುತ್ತದೆ, ಮೊದಲ ಲಕೋಟೆಯನ್ನು ಅಲ್ಲಿಯೇ ಬಿಟ್ಟು.

ನಮ್ಮ ಮನೆಗೂ ಹಾಗೆಯೇ ಬಂದಿತ್ತು. 2011ರಲ್ಲಿ ಕೊಂಡ ಮೊದಲ ಕಂಪ್ಯೂಟರನ್ನು ನಾಲ್ಕು ಅಂಗಡಿ ಸುತ್ತಿ, ಅತಿ ಕಡಿಮೆ ಹೇಳಿದವನ ಕೈಯಲ್ಲಿ ಜೋಡಿಸಿಕೊಂಡಿದ್ದೆವು. ವಿದ್ಯುತ್ತನ್ನು ಹದಗೊಳಿಸಿ ಒಳಗಿನ ಭಾಗಗಳಿಗೆ ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್, ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದಿತ್ತು. ಮೂರನೆಯ ಬೇಸಿಗೆಯ ಒಂದು ರಾತ್ರಿ ಹೋದ ಕರೆಂಟು ಮರಳಿ ಬಂದ ಕ್ಷಣ 'ಟಪ್' ಎಂದು ಸದ್ದಾಯಿತು, ಕೋಣೆಯಲ್ಲಿ ಸುಟ್ಟ ವಾಸನೆ ಹರಡಿತು. ಅದರೊಡನೆ ಹಾರ್ಡ್ ಡಿಸ್ಕ್ ಕೂಡ ಹೋಯಿತು. ಮಗಳ ಮೊದಲ ಮೂರು ವರ್ಷಗಳ ಚಿತ್ರಗಳೆಲ್ಲ ಅದರಲ್ಲಿದ್ದವು, ಬೇರೆಲ್ಲಿಯೂ ಇರಲಿಲ್ಲ. ಅಂದು ಉಳಿಸಿದ್ದು ಸಾವಿರದೊಳಗಿನ ಮೊತ್ತ.

ಮಗಳ ಮೊದಲ ಪಟ್ಟಿ ಯೂಟ್ಯೂಬಿನಿಂದ ಇಳಿದದ್ದು, ಲಕ್ಷ ದಾಟಿತ್ತು. ಎರಡನೆಯದು ಅರವತ್ತು ಸಾವಿರದೊಳಗಿತ್ತಾದರೂ ಅರ್ಧಕ್ಕಿಂತ ಹೆಚ್ಚು ಹಣವನ್ನು ಗ್ರಾಫಿಕ್ಸ್ ಕಾರ್ಡೊಂದೇ ನುಂಗಿತ್ತು. ಉಳಿದ ಚಿಲ್ಲರೆಯಲ್ಲಿ ದುರ್ಬಲ ಪ್ರೊಸೆಸರ್, ಒಂಟಿ ರ‍್ಯಾಮ್, ಮತ್ತೆ ಅದೇ ಹೆಸರಿಲ್ಲದ ಎಸ್‌ಎಂಪಿಎಸ್. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಜೋಡಿ. ಕಾರ್ಡು ಎಷ್ಟೇ ಬಲಶಾಲಿಯಾದರೂ ಪ್ರೊಸೆಸರ್ ಕೆಲಸ ಒದಗಿಸದಿದ್ದರೆ ಕಾಯುತ್ತ ಕೂರಬೇಕು.

ಇಂಗ್ಲಿಷ್ ಎಂ.ಎ. ಓದುವಾಗ ಭಾರತೀಯ ಕಾವ್ಯಮೀಮಾಂಸೆಯನ್ನೂ ಒಂದಿಷ್ಟು ಓದಿದ್ದೆವು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ, ಕಾವ್ಯದ ಜೀವ ಔಚಿತ್ಯದಲ್ಲಿದೆ ಎಂದು ವಾದಿಸಿದವನು. ಅಲಂಕಾರ ಎಷ್ಟೇ ಬೆಲೆಬಾಳಲಿ, ತನ್ನ ಸ್ಥಾನದಲ್ಲಿಲ್ಲದಿದ್ದರೆ ನಗೆಪಾಟಲು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಆ ಮಾತು ಇಪ್ಪತ್ತು ವರ್ಷಗಳ ಬಳಿಕ ಒಂದು ಗ್ರಾಫಿಕ್ಸ್ ಕಾರ್ಡಿನ ಮುಂದೆ ನೆನಪಾಯಿತು. ಎಲ್-1 ಕೇಳುವುದು 'ಯಾವುದು ಅಗ್ಗ' ಎಂದು. ಔಚಿತ್ಯ ಕೇಳುವುದು 'ಯಾವುದಕ್ಕೆ ಯಾವುದು ತಕ್ಕುದು' ಎಂದು. ಮಿತವಾದ ಹಣದಲ್ಲಿ ಕೊಳ್ಳುವವರಿಗೆ ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯ, ಏಕೆಂದರೆ ತಪ್ಪು ತಿದ್ದಿಕೊಳ್ಳಲು ಅವರಲ್ಲಿ ಎರಡನೆಯ ಸಲದ ಹಣವಿರುವುದಿಲ್ಲ.

ಮೂರನೆಯ ಪಟ್ಟಿ ಪರದೆಯಿಂದ ಆರಂಭವಾಯಿತು. ಮನೆಯಲ್ಲಿದ್ದದ್ದು 1920×1080 ಚುಕ್ಕೆಗಳ ಹಳೆಯ ಪರದೆ. ಅದಕ್ಕೆ ಸಾಲುವಷ್ಟೇ ಶಕ್ತಿ ಬೇಕು, ಅದನ್ನು ಮೀರಿದ್ದು ಕಾಣಿಸುವುದೇ ಇಲ್ಲ. ಹಾಗಾಗಿ 8 ಜಿಬಿಯ ರೇಡಿಯಾನ್ ಆರ್‌ಎಕ್ಸ್ 6600 ಕಾರ್ಡು, ಆರು ಕೋರುಗಳ ರೈಜನ್ 5 5600 ಪ್ರೊಸೆಸರ್. ಇದು 2016ರಿಂದ ನಡೆದುಬಂದ ಎಎಂ4 ಕುಟುಂಬದ್ದು. 2022ರಲ್ಲಿ ಬಂದ ಎಎಂ5 ಕೊಂಡರೆ ಮುಂದೆ ಪ್ರೊಸೆಸರ್ ಬದಲಿಸಿಕೊಳ್ಳಲು ಹೆಚ್ಚಿನ ಅವಕಾಶವುಂಟು, ಆದರೆ ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು, ಬೋರ್ಡೂ ದುಬಾರಿ. ನಾಳೆಯ ಸಾಧ್ಯತೆಗಾಗಿ ಇಂದಿನ ಕಾರ್ಡನ್ನು ಕಿರಿದಾಗಿಸಬಾರದೆಂದು ಮಗಳು ಬರೆದಳು, ಒಪ್ಪಿದೆವು. ರ‍್ಯಾಮ್ 16 ಜಿಬಿ, ಆದರೆ ಒಂದೇ ಪಟ್ಟಿಯಲ್ಲ, ಎಂಟರ ಎರಡು ಪಟ್ಟಿ. ಹಾಗಿದ್ದರೆ ಪ್ರೊಸೆಸರ್ ಏಕಕಾಲಕ್ಕೆ ಎರಡು ದಾರಿಗಳಲ್ಲಿ ದತ್ತಾಂಶ ತರಿಸಿಕೊಳ್ಳುತ್ತದೆ.

ಎಸ್‌ಎಂಪಿಎಸ್ ವಿಷಯದಲ್ಲಿ ಪಟ್ಟುಹಿಡಿದವರು ನಾವು. ಅಂಗಡಿಗಳಲ್ಲಿ ವ್ಯಾಟಿನ ಅಂಕಿಯನ್ನೇ ದೊಡ್ಡಕ್ಷರದಲ್ಲಿ ತೋರಿಸುತ್ತಾರೆ. ಲೆಕ್ಕ ಹಾಕಿದರೆ ಕಾರ್ಡಿಗೆ 132 ವ್ಯಾಟ್, ಪ್ರೊಸೆಸರಿಗೆ 65. ಎರಡೂ ಸೇರಿ ಇನ್ನೂರು ದಾಟದು. 550 ವ್ಯಾಟ್ ಧಾರಾಳವಾಯಿತು. ನೋಡಬೇಕಾದದ್ದು ಅಂಕಿಯನ್ನಲ್ಲ, ಗುಣವನ್ನು. '80 ಪ್ಲಸ್' ಎಂಬ ಮುದ್ರೆ ದಕ್ಷತೆಯನ್ನು ಮಾತ್ರ ಹೇಳುತ್ತದೆ. ವೋಲ್ಟೇಜ್ ಏರಿಳಿದಾಗ ಕಡಿದುಕೊಳ್ಳುವ ರಕ್ಷಣೆ ಇದೆಯೆ, ವಾರಂಟಿ ಎಷ್ಟು ವರ್ಷ ಎಂಬುದನ್ನು ಬೇರೆಯಾಗಿಯೇ ವಿಚಾರಿಸಬೇಕು. ಕ್ಯಾಬಿನೆಟ್ ಆರಿಸಿದ್ದು ಇಲ್ಲಿನ ಹವೆ. ಮೇ-ಜೂನಿನಲ್ಲಿ 45 ಡಿಗ್ರಿಯ ಲೂ ಗಾಳಿ, ಅದರೊಡನೆ ಮರಳು ಧೂಳು, ಕಾರ್ತೀಕದಲ್ಲಿ ಹೊಗೆ. ಮುಂಭಾಗ ಪೂರ್ತಿ ಗಾಜಾದರೆ ಉಸಿರುಗಟ್ಟುತ್ತದೆ. ಜಾಲರಿಯಿರಬೇಕು, ತೆಗೆದು ತೊಳೆಯಬಹುದಾದ ಧೂಳಿನ ಪರದೆಯಿರಬೇಕು. ಬಣ್ಣಬಣ್ಣದ ದೀಪಗಳ ಆಸೆಯನ್ನು ಮಗಳು ಒಂದು ಫ್ಯಾನಿಗೆ ಇಳಿಸಿಕೊಂಡಳು.

ಕೇಂದ್ರ ಸರ್ಕಾರಿ ನೌಕರರಿಗೆ ಶನಿವಾರ ರಜೆ, ನೆಹರೂ ಪ್ಲೇಸಿಗೆ ಭಾನುವಾರ ರಜೆ. ಹೀಗಾಗಿ ನಮಗೆ ಶನಿವಾರವೇ ಸರಿ. ಬೊಟಾನಿಕಲ್ ಗಾರ್ಡನ್ನಿನಿಂದ ಮೆಟ್ರೋ ಹಿಡಿದು, ಕಾಲ್ಕಾಜಿ ಮಂದಿರದಲ್ಲಿ ಬದಲಿಸಿ, ಒಂದೇ ನಿಲ್ದಾಣ. ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟನ್ನು ಕಂಡವರಿಗೆ ಇದು ಬಯಲಿನಂತೆ ತೋರುತ್ತದೆ: ನಡುವೆ ವಿಶಾಲ ಅಂಗಳ, ಸುತ್ತಲೂ ಮಾಸಿದ ಬಹುಮಹಡಿ ಕಟ್ಟಡಗಳು, ನೆಲದ ಮೇಲೆ ಕೇಬಲ್ಲುಗಳ ರಾಶಿ, ಪಕ್ಕದಲ್ಲೇ ಬಟ್ಟೆಯಂಗಡಿಗಳು.

ಅಂಗಡಿಯೊಂದರಲ್ಲಿ ಹುಡುಗ ಪಟ್ಟಿ ನೋಡಿ ಮಗಳನ್ನು ಕೇಳಿದ, "ಭಯ್ಯಾ ಕೇ ಲಿಯೇ?" ಅಣ್ಣನಿಗೋಸ್ಕರವೆ? "ಮೇರೇ ಲಿಯೇ" ಎಂದಳು. ಅನಂತರವೂ ಅವನು ದರವನ್ನೆಲ್ಲ ನಮ್ಮ ಮುಖ ನೋಡಿಯೇ ಹೇಳಿದ. ಅದೇ ದರಕ್ಕೆ ಹೆಚ್ಚು ವ್ಯಾಟಿನ ಎಸ್‌ಎಂಪಿಎಸ್ ತೋರಿಸಿ ಮನವೊಲಿಸಲು ಬಂದಾಗ ಅವಳು ರಕ್ಷಣೆಯ ಸರ್ಕ್ಯೂಟುಗಳನ್ನು ಒಂದೊಂದಾಗಿ ಕೇಳಿದಳು. ಆಮೇಲೆ ಮಾತು ಅವಳೊಡನೆಯೇ ನಡೆಯಿತು.

ಮೂರು ಆಮಿಷಗಳು ಎದುರಾದವು. ಮೊದಲನೆಯದು ಬಿಲ್ ಇಲ್ಲದ ದರ. ಬಿಡಿಭಾಗಗಳ ಮೇಲೆ ಶೇ. 18 ಜಿಎಸ್‌ಟಿ ಇದೆ, ಆದಕಾರಣ ಆಮಿಷ ಸಣ್ಣದಲ್ಲ. ಆದರೆ ಕ್ರಮಸಂಖ್ಯೆ ನಮೂದಿಸಿದ ಬಿಲ್ಲಿಲ್ಲದಿದ್ದರೆ ವಾರಂಟಿ ಕೇಳಲು ಕೈಯಲ್ಲಿ ಆಧಾರವೇ ಇರದು. ಜೊತೆಗೆ, ಸರ್ಕಾರದ ಸಂಬಳ ಉಣ್ಣುವವರು ಆ ದಾರಿ ಹಿಡಿಯಲೂಬಾರದು. ಎರಡನೆಯದು ಬಳಸಿದ ಕಾರ್ಡು. ಇಥೀರಿಯಂ ನಾಣ್ಯದ ಗಣಿಗಾರಿಕೆ 2022ರ ಸೆಪ್ಟೆಂಬರ್ 15ರಂದು ನಿಂತಮೇಲೆ ಹಗಲಿರುಳು ದುಡಿದ ಕಾರ್ಡುಗಳು ಜಗತ್ತಿನಾದ್ಯಂತ ಅಗ್ಗಕ್ಕೆ ಮಾರಾಟಕ್ಕಿಳಿದವು. ಎಲ್ಲವೂ ಕೆಟ್ಟವಲ್ಲ, ಆದರೆ ಮೊದಲ ಸಲ ಕೊಳ್ಳುವವರು ಅವುಗಳ ಆಯುಸ್ಸನ್ನು ಅಳೆಯಲಾರರು. ಮೂರನೆಯದು, "ವಿಂಡೋಸ್ ಫ್ರೀ ಹಾಕಿಕೊಡುತ್ತೇವೆ" ಎಂಬುದು. ನಕಲಿ ಸರಕಿನ ಕಾರಣಕ್ಕೆ ಅಮೆರಿಕದ ವಾಣಿಜ್ಯ ಪ್ರತಿನಿಧಿ ಕಚೇರಿಯ ಕುಖ್ಯಾತ ಮಾರುಕಟ್ಟೆಗಳ ಪಟ್ಟಿಯಲ್ಲಿ ನೆಹರೂ ಪ್ಲೇಸಿನ ಹೆಸರು ಬಂದದ್ದುಂಟು. ನಮ್ಮ ತಪ್ಪೆಂದರೆ ಪರವಾನಗಿಯ ಹಣವನ್ನು ಪಟ್ಟಿಯಲ್ಲಿ ಸೇರಿಸಲು ಮರೆತದ್ದು. ಮೊದಲ ಬಾರಿ ಪಟ್ಟಿ ಮಾಡುವವರು ಇದನ್ನು ಮರೆಯಬಾರದು. ಸದ್ಯಕ್ಕೆ ಲಿನಕ್ಸ್ ಹಾಕಿಕೊಂಡೆವು. ಪ್ರೋಟಾನ್ ಎಂಬ ತಂತ್ರಾಂಶದಿಂದ ವಿಂಡೋಸಿನ ಹಲವು ಆಟಗಳು ಅದರಲ್ಲಿ ನಡೆಯುತ್ತವೆ, ಕೆಲವು ನಡೆಯುವುದಿಲ್ಲ. ನಡೆಯದವುಗಳಿಗಾಗಿ ಮಗಳು ನಾಲ್ಕು ತಿಂಗಳು ಕಾದಳು.

ಅಂದು ಕೊಟ್ಟ ಲೆಕ್ಕ: ಪ್ರೊಸೆಸರ್ 11,400, ಬೋರ್ಡು 8,600, ರ‍್ಯಾಮ್ 3,200, 1 ಟಿಬಿ ಎಸ್‌ಎಸ್‌ಡಿ 5,100, ಗ್ರಾಫಿಕ್ಸ್ ಕಾರ್ಡು 20,900, ಎಸ್‌ಎಂಪಿಎಸ್ 4,100, ಕ್ಯಾಬಿನೆಟ್ 3,700. ಒಟ್ಟು 57,000. ಕಾರ್ಡಿಗೆ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಉಳಿದ ಮೂರು ಸಾವಿರದಲ್ಲಿ ಕೀಲಿಮಣೆ ಮತ್ತು ಮೌಸು.

ಭಾನುವಾರ ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಜೋಡಿಸಿದೆವು. ಸಂಜೆ ಗುಂಡಿ ಒತ್ತಿದಾಗ ಫ್ಯಾನು ತಿರುಗಿತು, ದೀಪ ಬೆಳಗಿತು, ಪರದೆ ಮಾತ್ರ ಕಪ್ಪು. ಎರಡು ಗಂಟೆ ಎಲ್ಲವನ್ನೂ ಬಿಚ್ಚಿ ಕಟ್ಟಿದೆವು. ಅಂಗಡಿಯವನು ಮೋಸ ಮಾಡಿದನೆಂದು ತೀರ್ಮಾನಿಸಿದ್ದೂ ಆಯಿತು. ಕೊನೆಗೆ ಮಗಳು ಹಿಂಬದಿಗೆ ಬಗ್ಗಿ ನೋಡಿ, "ಅಮ್ಮ, ತಪ್ಪು ನಮ್ಮದೇ" ಎಂದಳು. ಪರದೆಯ ತಂತಿಯನ್ನು ಬೋರ್ಡಿನ ಕಿಂಡಿಗೆ ಸಿಕ್ಕಿಸಿದ್ದೆವು. ಈ ಪ್ರೊಸೆಸರಿನಲ್ಲಿ ಚಿತ್ರ ಮೂಡಿಸುವ ಭಾಗವೇ ಇಲ್ಲವಾದ್ದರಿಂದ ತಂತಿ ಕಾರ್ಡಿಗೇ ಹೋಗಬೇಕಿತ್ತು. ಅದು ಹೇಗೆಂದು ಅವಳು ಕಾಗದದ ಮೇಲೆ ಗೆರೆ ಎಳೆದು ನಮಗೆ ವಿವರಿಸಿದಳು, ಕನ್ನಡದಲ್ಲಿ.

ನಮಗೆ ನಿಜವಾಗಿ ದಕ್ಕಿದ್ದು ಅದು. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳ ಕನ್ನಡ 'ಊಟ ಆಯ್ತಾ, ನಿದ್ದೆ ಬಂತಾ' ಎಂಬಲ್ಲಿಗೆ ನಿಂತುಬಿಡುತ್ತದೆಂದು ನಾವೆಲ್ಲ ಕೊರಗುತ್ತೇವೆ. ಕಾರಣವನ್ನು ಹುಡುಕುವುದಿಲ್ಲ. ಕನ್ನಡದಲ್ಲಿ ಅವರು ಯಾವಾಗಲೂ ಕೇಳಿಸಿಕೊಳ್ಳುವವರು, ನಾವೇ ಹೇಳುವವರು. ಅವರಿಗೆ ನಮಗಿಂತ ಚೆನ್ನಾಗಿ ತಿಳಿದ ವಿಷಯವೊಂದನ್ನು ಕನ್ನಡದಲ್ಲಿ ವಾದಿಸುವ ಅವಕಾಶವನ್ನು ನಾವು ಕೊಟ್ಟೇ ಇಲ್ಲ. ಮಗಳ ಟಿಪ್ಪಣಿಯ ನಾಮಪದಗಳೆಲ್ಲ ಇಂಗ್ಲಿಷಿನವು, ನಿಜ. ಕಾಗುಣಿತದ ತಪ್ಪುಗಳೂ ಹೇರಳ. ಆದರೆ 'ಇದಕ್ಕೆ ಅದು ಹೊಂದುವುದಿಲ್ಲ', 'ಇಷ್ಟು ಸಾಕು', 'ಇದು ದಂಡ' ಎಂಬ ತೀರ್ಪುಗಳು ಕನ್ನಡದವು. ಅಲ್ಲಿಯವರೆಗೆ ಅವಳು ನಮ್ಮೊಡನೆ ಕನ್ನಡದಲ್ಲಿ ಇಷ್ಟು ಉದ್ದ ಜಗಳವಾಡಿದ್ದೇ ಇಲ್ಲ.

ಆಟ ಚಟವಾಗದೆ ಎಂಬ ಭಯವನ್ನು ನಾವು ತಳ್ಳಿಹಾಕುವುದಿಲ್ಲ. ಆಟ ಹೊತ್ತನ್ನು ನುಂಗುತ್ತದೆ. ಪರೀಕ್ಷೆಯ ದಿನಗಳಲ್ಲಿ ಜಗಳವಾಗಿದೆ, ಒಂದು ವಾರ ಪವರ್ ಕೇಬಲ್ ನಮ್ಮ ಕಪಾಟಿನಲ್ಲಿದ್ದದ್ದೂ ಉಂಟು. ಆದರೆ ಹಣ ಕಟ್ಟಿ ಆಡುವ ಜೂಜಿಗೂ ಇದಕ್ಕೂ ಅಂತರವಿದೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆ ಕೂಡ ಹಣದ ಆಟಗಳನ್ನು ನಿಷೇಧಿಸಿ ಇ-ಕ್ರೀಡೆಯನ್ನು ಬೇರೆಯಾಗಿ ಗುರುತಿಸಿತು. ಕೈಯಲ್ಲಿ ಮೊಬೈಲು ಹಿಡಿದು ಬಾಗಿಲು ಹಾಕಿಕೊಂಡು ಆಡುವುದಕ್ಕಿಂತ ನಡುಮನೆಯ ಮೇಜಿನ ಮೇಲೆ ಎಲ್ಲರ ಕಣ್ಣೆದುರು ಆಡುವುದು ಮೇಲಲ್ಲವೆ?

ಈಗ ಕೊಳ್ಳುವವರು ನಮ್ಮ ಲೆಕ್ಕವನ್ನು ಹಾಗೆಯೇ ನಂಬಬಾರದು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ನಾವು ಕೊಟ್ಟ ದರಕ್ಕೆ ಈಗ ಅದು ಸಿಗದು. ಪಟ್ಟಿ ಬದಲಾಗಬೇಕು, ಹಂಚಿಕೆ ಬದಲಾಗಬೇಕು. ಪರದೆಯಿಂದ ಆರಂಭಿಸಿ, ಎಸ್‌ಎಂಪಿಎಸ್‌ನಲ್ಲಿ ಜಿಪುಣತನ ಮಾಡಬೇಡಿ, ಬಿಲ್ ಪಡೆಯಿರಿ, ಚಿತ್ರಗಳನ್ನು ಇನ್ನೊಂದು ಕಡೆಯೂ ಇಟ್ಟುಕೊಳ್ಳಿ. ಎಲ್ಲಕ್ಕಿಂತ ಮೊದಲು ಮಕ್ಕಳ ಕೈಗೆ ಹಾಳೆ ಕೊಟ್ಟು, ಕಾರಣ ಬರೆಯಲು ಹೇಳಿ. ಹಿರಿಯ ಮಿತ್ರರ ಮೊಮ್ಮಗ ಹನ್ನೆರಡು ವರ್ಷದವನು, ಅವನೂ ಕೇಳುತ್ತಿದ್ದಾನಂತೆ. ಮುಂದಿನ ಕೂಟಕ್ಕೆ ಅವನನ್ನೂ ಕರೆತರಬೇಕೆಂದು ಅವರಲ್ಲಿ ನಮ್ಮ ವಿನಂತಿ. ಪಟ್ಟಿ ನೋಡಿಕೊಡಲು ಮಗಳು ಒಪ್ಪಿದ್ದಾಳೆ.