ಕಿಲ್ನ್‌ಗೆ ಕಸ: ಕರಪತ್ರಕ್ಕೊಂದು ಉತ್ತರ

ಕಲಬುರಗಿ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಕೈಗೆ ಸಿಕ್ಕ ಕರಪತ್ರವನ್ನು ಮೂರು ಸಲ ಓದಿದ್ದೇನೆ. ‘ನಮ್ಮ ಸಿಮೆಂಟ್ ಕಾರ್ಖಾನೆಗಳಿಗೆ ಊರ ಕಸ ಬೇಡ’ ಎಂಬುದು ಅದರ ತಲೆಬರಹ. ಅದನ್ನು ಬರೆದವರಲ್ಲಿ ಇಬ್ಬರು ನನ್ನ ಗೆಳೆಯರ ಮಕ್ಕಳು. ಓದಿದ ಹುಡುಗರು, ಊರಿನ ಮೇಲೆ ಜೀವ ಇಟ್ಟವರು. ಅದಕ್ಕೇ ಸುಮ್ಮನಿರಲಾಗದೆ ಇದನ್ನು ಬರೆಯುತ್ತಿದ್ದೇನೆ. ನಮ್ಮ ಭಾಗದ ಒಂದು ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತನಾದವನು ನಾನು. ಆ ಕಾರ್ಖಾನೆಯ ಜೊತೆ ಈಗ ನನಗೆ ಕೊಡು-ಕೊಳ್ಳುವುದು ಏನೂ ಉಳಿದಿಲ್ಲ.

ಕಲ್ಲಿದ್ದಲಿನ ಬದಲು ಒಂದಷ್ಟು ಪಾಲು ಆರ್‌ಡಿಎಫ್, ಅಂದರೆ ವಿಂಗಡಿಸಿ ಒಣಗಿಸಿ ಬೇಲ್ ಕಟ್ಟಿದ ಒಣಕಸ, ಸಿಮೆಂಟಿನ ಕುಲುಮೆಯಾದ ಕಿಲ್ನ್‌ನಲ್ಲಿ ಉರಿಯಲಿ ಎನ್ನುವವನು ನಾನು. ಆದರೆ ಈಗ ನಡೆದಿರುವ ರೀತಿಯಲ್ಲೇ ಉರಿಯಲಿ ಎನ್ನುವವನಲ್ಲ. ಕರಪತ್ರದ ಒಂದೊಂದು ಮಾತನ್ನೂ ಎತ್ತಿಕೊಂಡು ಉತ್ತರ ಹೇಳುತ್ತೇನೆ.

ಮೊದಲನೆಯದು ಡಯಾಕ್ಸಿನ್ ಎಂಬ ವಿಷ. ಕಸ ಸುಟ್ಟರೆ ಡಯಾಕ್ಸಿನ್ ಹುಟ್ಟುತ್ತದೆ, ಅದು ನಮ್ಮ ಮಕ್ಕಳ ಎದೆಗೂಡಿಗೆ ಇಳಿಯುತ್ತದೆ ಎನ್ನುತ್ತದೆ ಕರಪತ್ರ. ತಿಪ್ಪೆಗೆ ಬೆಂಕಿ ಇಟ್ಟರೆ ಈ ಮಾತು ಅಕ್ಷರಶಃ ನಿಜ. ಅಲ್ಲಿ ಬೆಂಕಿ ಮಂದ, ಗಾಳಿ ಸಾಲದು, ಹೊಗೆ ನಿಧಾನವಾಗಿ ತಣಿಯುತ್ತದೆ. 200ರಿಂದ 450 ಡಿಗ್ರಿ ನಡುವೆ ಕ್ಲೋರಿನ್ ಮತ್ತು ಅರೆಸುಟ್ಟ ಇಂಗಾಲ ಕೂಡಿದಾಗಲೇ ಡಯಾಕ್ಸಿನ್ ಹೆಚ್ಚಾಗಿ ಕಟ್ಟಿಕೊಳ್ಳುವುದು. ಕಿಲ್ನ್ ಒಳಗಿನ ಸ್ಥಿತಿ ಬೇರೆ. ಜ್ವಾಲೆ 2000 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಸಿಮೆಂಟಿನ ಮೂಲವಸ್ತು ಕ್ಲಿಂಕರ್ ಆಗುವ ಕಲ್ಲುಪುಡಿಯೇ 1450 ಡಿಗ್ರಿ. ಅನಿಲ ಆ ಬಿಸಿಯಲ್ಲಿ ಹಲವು ಸೆಕೆಂಡು ಉಳಿಯುವುದರಿಂದ ಯಾವ ಸಾವಯವ ಅಣುವೂ ಇಡಿಯಾಗಿ ಹೊರಬರುವುದಿಲ್ಲ. ಅನಿಲ ಸಾಗಿಬರುವ ದಾರಿಯುದ್ದಕ್ಕೂ ಸುಣ್ಣದ ಪುಡಿ ಸುರಿಯುತ್ತಿರುತ್ತದೆ. ಆಮ್ಲದ ಅನಿಲವನ್ನು ಹಿಡಿಯಲು ಸುಣ್ಣಕ್ಕಿಂತ ಒಳ್ಳೆಯ ಬಲೆ ಬೇರೆ ಕಾರ್ಖಾನೆಗಳಲ್ಲಿ ದುಡ್ಡು ಕೊಟ್ಟರೂ ಸಿಗದು. ಉಳಿದ ಬೂದಿ ಕ್ಲಿಂಕರ್‌ನಲ್ಲೇ ಬೆರೆತುಹೋಗುತ್ತದೆ, ಬೇರೆ ಗುಡ್ಡೆ ಹಾಕುವ ಪ್ರಸಂಗ ಬರುವುದಿಲ್ಲ.

ಹೀಗೆ ಕಸ ಉರಿಸುವುದಕ್ಕೆ ಕಾನೂನೇ ಇಲ್ಲ ಎಂದು ಕರಪತ್ರದಲ್ಲಿ ಬರೆದಿರುವುದು ತಪ್ಪು. 2016ರಲ್ಲೇ ಕೇಂದ್ರ ಪರಿಸರ ಸಚಿವಾಲಯ ಕಸ ಉರಿಸುವ ಸಿಮೆಂಟ್ ಕಿಲ್ನ್‌ಗಳಿಗೆಂದು ಬೇರೆ ಮಿತಿಗಳನ್ನು ಹೊರಡಿಸಿದೆ. ಒಂದು ಘನ ಮೀಟರ್ ಅನಿಲದಲ್ಲಿ ದೂಳು 30 ಮಿಲಿಗ್ರಾಂ, ಹೈಡ್ರೋಕ್ಲೋರಿಕ್ ಆಮ್ಲ 10 ಮಿಲಿಗ್ರಾಂ, ಪಾದರಸ 0.05 ಮಿಲಿಗ್ರಾಂ, ಡಯಾಕ್ಸಿನ್ 0.1 ನ್ಯಾನೋಗ್ರಾಂ ಮೀರಬಾರದು. ಯುರೋಪಿನವರು ಡಯಾಕ್ಸಿನ್‌ಗೆ ಇಟ್ಟುಕೊಂಡಿರುವ ಮಿತಿಯೂ ಇಷ್ಟೇ.

ಹಾಗೆಂದು ಕಿಲ್ನ್ ಎಲ್ಲವನ್ನೂ ನುಂಗಿ ಅರಗಿಸಿಕೊಳ್ಳುತ್ತದೆ ಎಂದು ನಾನು ಹೇಳಲಾರೆ. ಪಾದರಸ ಅದರ ಹಿಡಿತಕ್ಕೆ ಸಿಗುವುದಿಲ್ಲ, ಆವಿಯಾಗಿ ಚಿಮಣಿಯತ್ತ ಹೋಗುತ್ತದೆ. ಒಡೆದ ಟ್ಯೂಬ್‌ಲೈಟು, ಸತ್ತ ಬ್ಯಾಟರಿ ಸೆಲ್ಲು ಬೇಲಿನೊಳಗೆ ಬರಲೇಬಾರದು. ಇನ್ನೊಂದು ಕ್ಲೋರಿನ್. ಅದು ಏನು ಮಾಡುತ್ತದೆಂದು ಕಣ್ಣಾರೆ ಕಂಡಿದ್ದೇನೆ.

ಒಂದು ಮಳೆಗಾಲ ನಮ್ಮ ಯಾರ್ಡಿಗೆ ಆರು ಲಾರಿ ಬೇಲ್ ಬಂದಿದ್ದವು. ಲ್ಯಾಬಿಗೆ ಸ್ಯಾಂಪಲ್ ಬಂದದ್ದು ಪಾಲಿಥೀನ್ ಚೀಲದಲ್ಲಿ, ಅಚ್ಚುಕಟ್ಟಾಗಿ, ಒಣಗಿ ಗರಿಗರಿಯಾಗಿ. ನನಗೆ ನಂಬಿಕೆ ಬರಲಿಲ್ಲ. ಯಾರ್ಡಿಗೆ ಹೋಗಿ ಒಂದು ಬೇಲಿನ ತಂತಿ ಕತ್ತರಿಸಲು ಹೇಳಿದೆ. ಹೊಟ್ಟೆ ಬಿಚ್ಚಿಕೊಂಡ ಬೇಲಿನಿಂದ ಮೊದಲು ಬಂದದ್ದು ನಾತ. ಆಮೇಲೆ ಮಣ್ಣು ಮೆತ್ತಿದ ಸೀರೆ, ನೀರು ಕುಡಿದ ತೆಂಗಿನ ಚಿಪ್ಪು, ರೆಕ್ಸಿನ್ ಸೀಟಿನ ತುಂಡು, ಮಗುವಿನ ಒಂದು ಚಪ್ಪಲಿ, ಕೈಯುದ್ದದ ಪಿವಿಸಿ ಪೈಪುಗಳು. ಮೂರು ಕಡೆಯಿಂದ ಆಯ್ದು ತೂಗಿ, 105 ಡಿಗ್ರಿ ಓವನ್ನಿನಲ್ಲಿ ಇಟ್ಟು ಮತ್ತೆ ತೂಗಿದಾಗ ಅರ್ಧಕ್ಕೆ ಹತ್ತಿರ ಬರೀ ನೀರು. ಪಿವಿಸಿಯ ಲೆಕ್ಕವನ್ನು ಯಾರು ಬೇಕಾದರೂ ಹಾಕಬಹುದು. ಶುದ್ಧ ಪಿವಿಸಿಯಲ್ಲಿ ನೂರಕ್ಕೆ 57 ಪಾಲು ಕ್ಲೋರಿನ್ನೇ. ಹಾಗಾಗಿ ನೂರು ಕೆಜಿ ಬೇಲಿನೊಳಗೆ ಎರಡು ಕೆಜಿ ಪಿವಿಸಿ ಇದ್ದರೆ ಸಾಕು, ಕ್ಲೋರಿನ್ ಶೇ 1 ದಾಟುತ್ತದೆ.

ವರದಿ ಬರೆದು ಕೊಟ್ಟೆ. ಕಲ್ಲಿದ್ದಲಿನ ರೇಕ್ ತಡವಾಗಿತ್ತು, ಬೇಲ್ ಹಾಕಲೇಬೇಕು ಎಂದರು. ಹಾಕಿದರು. ಕ್ಲೋರಿನ್ ಕಿಲ್ನ್‌ನಲ್ಲಿ ಆವಿಯಾಗಿ ಮೇಲೇರಿ, ಕಲ್ಲುಪುಡಿ ಕಾಯಿಸುವ ಪ್ರೀಹೀಟರಿನಲ್ಲಿ ತಣಿದು ಅಂಟಾಗಿ ಗೋಡೆಗೆ ಕಟ್ಟುತ್ತದೆ. ಮೂರನೆಯ ದಿನ ಪ್ರೀಹೀಟರಿನ ಕೆಳಗಿನ ಸೈಕ್ಲೋನ್ ಜಾಮ್ ಆಯಿತು. ಗಟ್ಟಿ ಕಟ್ಟಿದ್ದನ್ನು ಕೆದಕಲು ಹೋದ ಗುತ್ತಿಗೆ ಕಾರ್ಮಿಕನೊಬ್ಬನ ಮುಂಗೈ ಮೇಲೆ ಕೆಂಡದಂಥ ಪುಡಿ ಸುರಿಯಿತು. ಗಾಯ ಮಾಯಿತು, ಕಲೆ ಉಳಿಯಿತು. ಎರಡು ದಿನ ಕಿಲ್ನ್ ನಿಂತಿತು. ನಿಲ್ಲಿಸುವಾಗ ಮತ್ತು ಮತ್ತೆ ಬೆಂಕಿ ಹೊತ್ತಿಸಿ ಬಿಸಿಗೆ ತರುವಾಗ ಆ 1450 ಡಿಗ್ರಿ ಇರುವುದಿಲ್ಲವಲ್ಲ, ಆ ಗಂಟೆಗಳಲ್ಲಿ ಕಸ ಹಾಕಿದರೆ ಕರಪತ್ರದ ಹೆದರಿಕೆ ನಿಜವಾಗುತ್ತದೆ. ಹಾಕಬಾರದೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಬಿಸಿ ಸಾಲದಿದ್ದರೆ ಕಸದ ಕನ್ವೇಯರ್ ತಾನಾಗಿ ನಿಲ್ಲುವ ಇಂಟರ್‌ಲಾಕ್ ಇದೆಯೇ, ಅದನ್ನು ಯಾರಾದರೂ ಬೈಪಾಸ್ ಮಾಡಿದ್ದಾರೆಯೇ ಎಂದು ಕೇಳಬೇಕಾದದ್ದು ಇಲ್ಲಿ. ಹುಡುಗರು ಕಿಲ್ನ್ ಮೇಲೆ ಅನುಮಾನ ಪಡುತ್ತಿದ್ದಾರೆ. ನನ್ನ ಅನುಮಾನವೆಲ್ಲ ಬೇಲಿನ ಮೇಲೆ, ಅದನ್ನು ಬಿಚ್ಚಿ ನೋಡದೆ ಸಹಿ ಹಾಕುವ ಕೈಯ ಮೇಲೆ.

ಎರಡನೆಯ ಮಾತು: ಬೆಂಗಳೂರಿನ ಕಸವನ್ನು ನಮ್ಮ ತಲೆಗೆ ಕಟ್ಟುತ್ತಿದ್ದಾರೆ. ಇದರೊಳಗಿನ ನೋವು ನನ್ನದೂ ಹೌದು. ನಮ್ಮ ನೆಲದ ಸುಣ್ಣದಕಲ್ಲು ಸಿಮೆಂಟಾಗಿ ದೂರದೂರದ ನಗರಗಳಿಗೆ ಹೋಗಿ ಕಟ್ಟಡವಾಗುತ್ತದೆ, ಅಲ್ಲಿಯ ಕಸ ತಿರುಗಿ ಇಲ್ಲಿಗೆ ಬರುತ್ತದೆ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಆದರೆ ಬೇಡ ಎಂದು ಬಿಟ್ಟರೆ ಆ ಕಸ ಎಲ್ಲಿಗೆ ಹೋಗುತ್ತದೆಂಬುದನ್ನೂ ನೋಡಬೇಕು. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನ ಜನರನ್ನು ಕೇಳಿ. ವರ್ಷಗಟ್ಟಲೆ ಆ ಊರಿನ ಪಕ್ಕ ಕಸದ ಬೆಟ್ಟ ಬೆಳೆಯಿತು, ನೀರು ಕೆಟ್ಟಿತು, ಜನ ರಸ್ತೆಗಿಳಿದು ಲಾರಿ ತಡೆದರು. 2014ರ ಕೊನೆಗೆ ಅಲ್ಲಿ ಸುರಿಯುವುದು ನಿಂತಿತು. ಅದಕ್ಕೂ ಮುಂಚೆ ಮಾವಳ್ಳಿಪುರದ ಪಾಡೂ ಅದೇ. ಅವರೂ ನಮ್ಮಂಥ ಹಳ್ಳಿಯವರೇ. ಅಲ್ಲಿ ಕೊಳೆತು ಮೀಥೇನ್ ಆಗುವುದು, ಬೇಸಿಗೆಯಲ್ಲಿ ತಾನಾಗಿ ಹೊತ್ತಿ ಮಂದ ಬೆಂಕಿಯಲ್ಲಿ ಉರಿಯುವುದು ಯಾರ ಮಕ್ಕಳಿಗೂ ಒಳ್ಳೆಯದಲ್ಲ.

ಲಾರಿಯಲ್ಲಿ ಅಷ್ಟು ದೂರ ತರುವ ಡೀಸೆಲ್ಲೇ ಲಾಭವನ್ನೆಲ್ಲ ತಿನ್ನುತ್ತದೆ ಎಂದೂ ಬರೆದಿದ್ದೀರಿ. ಲೆಕ್ಕ ಹಾಕಿ ನೋಡಿದೆ. ಬೆಂಗಳೂರಿನಿಂದ ಆರುನೂರು ಕಿಲೋಮೀಟರ್, ಲೀಟರಿಗೆ ಮೂರೂವರೆ ಕಿಲೋಮೀಟರ್ ಎಂದರೂ ಸುಮಾರು 170 ಲೀಟರ್ ಡೀಸೆಲ್. ಅದು ಒಂದು ಲಾರಿಯ ಹದಿನೈದು ಟನ್ ಒಣ ಆರ್‌ಡಿಎಫ್‌ನಲ್ಲಿರುವ ಶಾಖದ ನೂರರಲ್ಲಿ ಮೂರು ಪಾಲಿನಷ್ಟು. ಖಾಲಿ ಲಾರಿ ಹಿಂದಿರುಗುವುದನ್ನು ಸೇರಿಸಿದರೂ ಆರನ್ನು ದಾಟುವುದಿಲ್ಲ. ಬೇಲ್ ಅರ್ಧ ನೀರಾಗಿದ್ದರೆ ಮಾತ್ರ ಈ ಲೆಕ್ಕ ಕೆಡುತ್ತದೆ. ನೀರನ್ನು ಆರುನೂರು ಕಿಲೋಮೀಟರ್ ಹೊತ್ತು ತಂದು ಮತ್ತೆ ಅದನ್ನು ಕಾಯಿಸಿ ಆವಿ ಮಾಡಿದಂತಾಗುತ್ತದೆ.

ನನ್ನ ಬೇಡಿಕೆ ಇಷ್ಟು. ಮೊದಲ ಸರದಿ ನಮ್ಮ ಜಿಲ್ಲೆಯದು. ಕಲಬುರಗಿ, ಶಹಾಬಾದ್, ಸೇಡಂ, ವಾಡಿ ಪಟ್ಟಣಗಳ ಒಣಕಸ ಮೊದಲು ಹೋಗಲಿ. ಅದರ ಜೊತೆ ತೊಗರಿ ಕಟ್ಟಿಗೆ. ರಾಶಿ ಮುಗಿದ ಮೇಲೆ ಒಲೆಗೆ ಬೇಕಾದಷ್ಟು ಮನೆಗೆ ತಂದು, ಉಳಿದದ್ದಕ್ಕೆ ಹೊಲದ ಬದುವಿನಲ್ಲೇ ಕಡ್ಡಿ ಗೀರುವುದನ್ನು ಪ್ರತಿ ವರ್ಷ ನೋಡುತ್ತೇವೆ. ಅದನ್ನು ಕತ್ತರಿಸಿ ಕೊಂಡುಕೊಳ್ಳುವ ಕೇಂದ್ರ ಹೋಬಳಿಗೊಂದಾದರೆ ರೈತನ ಕೈಗೆ ನಾಲ್ಕು ಕಾಸು ಸೇರುತ್ತದೆ. ಕ್ಲೋರಿನ್ನಿನ ಕಾಟವೂ ಪ್ಲಾಸ್ಟಿಕ್ಕಿಗೆ ಹೋಲಿಸಿದರೆ ಕಡಿಮೆ.

ಮೂರನೆಯದು, ಕಿಲ್ನ್ ಬಂದರೆ ವಿಂಗಡಣೆ ಸಾಯುತ್ತದೆ, ಚಿಂದಿ ಆಯುವವರ ಅನ್ನ ಹೋಗುತ್ತದೆ ಎಂಬುದು. ಈ ಆತಂಕಕ್ಕೆ ಆಧಾರವಿದೆ. ಪಾಲಿಥೀನಿನಲ್ಲಿ ಕೆಜಿಗೆ ಸುಮಾರು 11,000 ಕಿಲೋಕ್ಯಾಲರಿ ಶಾಖ, ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನಾಲ್ಕು ಸಾವಿರ ಸಿಕ್ಕರೆ ಹೆಚ್ಚು. ಒಳ್ಳೆಯ ಪ್ಲಾಸ್ಟಿಕ್ಕಿನ ಮೇಲೆ ಕಣ್ಣು ಬೀಳದೇ ಇರುತ್ತದೆಯೇ? ಆದರೆ 2016ರ ಅಪಾಯಕಾರಿ ತ್ಯಾಜ್ಯ ನಿಯಮ ಮೆಟ್ಟಿಲುಗಳನ್ನು ಸ್ಪಷ್ಟವಾಗಿ ಇಟ್ಟಿದೆ: ಮೊದಲು ಕಸ ಆಗದಂತೆ ನೋಡು, ಆಮೇಲೆ ಕಡಿಮೆ ಮಾಡು, ಮರುಬಳಸು, ಮರುಉತ್ಪಾದಿಸು. ಕಿಲ್ನ್ ಬರುವುದು ಇವೆಲ್ಲದರ ನಂತರ, ಹೂಳುವುದಕ್ಕಿಂತ ಮುಂಚೆ. ಊರ ಕಸಕ್ಕೂ ನಾನು ಕೇಳುವುದು ಇದೇ ಸರದಿ. ಗುಜರಿಯವರು ಕೊಳ್ಳದ ಸಾಮಾನು ಯಾವುದೆಂದು ಆಯುವ ಹೆಣ್ಣುಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು: ಚಿಪ್ಸ್ ಪಾಕೀಟು, ಗುಟ್ಕಾ ಸ್ಯಾಶೆ, ಕೊಳಕಾದ ಬಟ್ಟೆ, ಹರಿದ ಚಪ್ಪಲಿ. ಅವರು ಆಯ್ದು ಬಿಟ್ಟ ಮೇಲೆ ಉಳಿದದ್ದು ಮಾತ್ರ ಬೇಲ್ ಆಗಲಿ, ಆ ವಿಂಗಡಣೆಯ ಕೂಲಿಯನ್ನು ಕಾರ್ಖಾನೆ ಕೊಡುವ ದರದಲ್ಲೇ ಸೇರಿಸಲಿ.

ನಾಲ್ಕನೆಯದು: ಇದೆಲ್ಲ ಕಂಪನಿಯ ಲಾಭಕ್ಕೆ, ಹವಾಮಾನ ಬರೀ ನೆಪ. ಲಾಭವಂತೂ ಇದೆ. ಹವಾಮಾನದ ಮಾತನ್ನು ಮಾತ್ರ ಎರಡೂ ಕಡೆಯವರು ಹಿಗ್ಗಿಸಿ ಹೇಳುತ್ತಿದ್ದಾರೆ. ನೂರು ಕೆಜಿ ಶುದ್ಧ ಸುಣ್ಣದಕಲ್ಲು ಬೇಯಿಸಿದರೆ 44 ಕೆಜಿ ಕಾರ್ಬನ್ ಡೈಆಕ್ಸೈಡ್ ಕಲ್ಲಿನಿಂದಲೇ ಹೊರಡುತ್ತದೆ, ಉರುವಲು ಯಾವುದೇ ಇರಲಿ. ಸಿಮೆಂಟಿನ ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದೇ. ಅದನ್ನು ಇಳಿಸಬೇಕಾದರೆ ಕ್ಲಿಂಕರನ್ನೇ ಕಡಿಮೆ ಬಳಸಬೇಕು: ಹಾರುಬೂದಿ, ಸ್ಲ್ಯಾಗ್, ಸುಟ್ಟ ಜೇಡಿ ಬೆರೆಸಿದ ಸಿಮೆಂಟ್. ಉರುವಲು ಬದಲಾಯಿಸುವುದು ಇನ್ನುಳಿದ ಪಾಲಿಗೆ ಮದ್ದು. ಆ ಪಾಲೂ ಸಣ್ಣದಲ್ಲ.

ಐದನೆಯದು ಕರಪತ್ರದಲ್ಲಿ ಎರಡೇ ಸಾಲು. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ತೂಕದ್ದು. ‘ಪರಿಸರ ನಿರ್ವಹಣಾ ಯೋಜನೆ ಎಂಬುದು ಕಾಗದದ ಮೇಲಿನ ಯೋಜನೆ.’ ಇದಕ್ಕೆ ನಾನು ಎದುರಾಡುವುದಿಲ್ಲ. ಪರಿಸರ ಅನುಮತಿ ಪಡೆದ ಕಾರ್ಖಾನೆ ವರ್ಷಕ್ಕೆ ಎರಡು ಸಲ, ಜೂನ್ 1ಕ್ಕೆ ಮತ್ತು ಡಿಸೆಂಬರ್ 1ಕ್ಕೆ, ಷರತ್ತುಗಳನ್ನು ಹೇಗೆ ಪಾಲಿಸಿದೆ ಎಂದು ವರದಿ ಕೊಡಬೇಕು. ನಾನು ಕಂಡ ವರದಿಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಬಾಜೂ ಹಳ್ಳಿಯ ಹೆಣ್ಣುಮಗಳು ಮಾಳಿಗೆ ಮೇಲೆ ಬೇಳೆ ಒಣಹಾಕಿ ಸಂಜೆ ಮೊರದಲ್ಲಿ ಕೇರುವಾಗ ಹಾರುವ ಬೂದುಬಣ್ಣದ ಪುಡಿ ಆ ವರದಿಯ ಯಾವ ಕೋಷ್ಟಕದಲ್ಲೂ ಇರಲಿಲ್ಲ. ಆದರೆ ಹುಡುಗರೇ, ಆ ಪುಡಿ ಬರುವುದು ಆರ್‌ಡಿಎಫ್‌ನಿಂದಲ್ಲ. ಗಣಿಯ ಕಚ್ಚಾ ರಸ್ತೆ, ತಾಡಪತ್ರಿ ಮುಚ್ಚದ ಲಾರಿ, ತೆರೆದಿಟ್ಟ ಕ್ಲಿಂಕರ್ ರಾಶಿ, ಹರಿದ ಬ್ಯಾಗ್ ಫಿಲ್ಟರ್, ಇವುಗಳಿಂದ. ಕಸ ನಿಲ್ಲಿಸಿದರೆ ಆ ಮಾಳಿಗೆಯ ಪುಡಿ ಒಂದು ಹಿಡಿಯಷ್ಟೂ ಕಡಿಮೆಯಾಗುವುದಿಲ್ಲ. ನಿಮ್ಮ ಹೋರಾಟದ ಬಲವೆಲ್ಲ ಕಸದ ಮೇಲೆ ಖರ್ಚಾದರೆ ಈ ದೂಳು ಹಾಗೇ ಉಳಿಯುತ್ತದಲ್ಲ ಎಂಬುದೇ ನನ್ನ ಸಂಕಟ.

ಕಾರ್ಖಾನೆಯವರಿಗೂ ಒಂದು ಮಾತು. ಆರ್‌ಡಿಎಫ್ ಘಟಕದಿಂದ 100 ಕಿಲೋಮೀಟರ್ ಒಳಗಿನ ಕಾರ್ಖಾನೆಗಳು ಉರುವಲಿನ ಶೇ 5ರಷ್ಟನ್ನಾದರೂ ಅದರಿಂದ ತುಂಬಬೇಕೆಂದು 2016ರ ಘನತ್ಯಾಜ್ಯ ನಿಯಮ ಹೇಳಿತ್ತು. ಅಷ್ಟೂ ಕಷ್ಟ ಎಂದು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ದಿನಕ್ಕೆ 10,000 ಟನ್ ಕ್ಲಿಂಕರ್ ತೆಗೆಯುವ ಕಿಲ್ನ್‌ಗೆ ಶೇ 5 ಎಂದರೆ ಸುಮಾರು 120 ಟನ್ ಒಣ ಆರ್‌ಡಿಎಫ್. ಜರ್ಮನಿಯ ಕಿಲ್ನ್‌ಗಳು ಒಟ್ಟಾರೆ ಶಾಖದ ಮೂರನೇ ಎರಡು ಪಾಲಿಗಿಂತ ಹೆಚ್ಚನ್ನು ಪರ್ಯಾಯ ಇಂಧನದಿಂದ ಪಡೆಯುತ್ತಿವೆ. ಅವರ ಕಿಲ್ನ್‌ಗೂ ನಮ್ಮದಕ್ಕೂ ಬೆಂಕಿ ಬೇರೆಯಲ್ಲ. ಅಲ್ಲಿ ಕಸ ಮನೆಯಲ್ಲೇ ಬೇರ್ಪಡುತ್ತದೆ, ಬೇಲ್ ತಯಾರಿಸುವ ಘಟಕದಲ್ಲಿ ಒಣಗುತ್ತದೆ, ಕಿಲ್ನ್ ಬಾಗಿಲಲ್ಲಿ ಪರೀಕ್ಷೆಯಾಗುತ್ತದೆ. ಒಣಗಿಸುವ ಶೆಡ್ಡು, ಕ್ಲೋರಿನ್ ಹೊರತೆಗೆಯುವ ಬೈಪಾಸ್, ಲ್ಯಾಬಿಗೆ ಇಬ್ಬರು ಹೆಚ್ಚಿನ ಕೆಮಿಸ್ಟರು. ಇಷ್ಟಕ್ಕೆ ಹಣ ತೆಗೆದಿಡದೆ ಕಷ್ಟ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ನಮ್ಮ ಭಾಗದಲ್ಲಿ ಮುಂದಿನ ಸಾರ್ವಜನಿಕ ಆಲಿಕೆ ಸಭೆ ನಡೆದಾಗ ಕೊಡಲೆಂದು ಅರ್ಜಿಯೊಂದನ್ನು ಬರೆದಿಟ್ಟಿದ್ದೇನೆ. ಬಂದ ಪ್ರತಿ ಲಾರಿಯ ತೇವಾಂಶ ಮತ್ತು ಕ್ಲೋರಿನ್ ಅಂಕಿ ಅದೇ ದಿನ ಗೇಟಿನ ಬೋರ್ಡಿನಲ್ಲಿ ಕನ್ನಡದಲ್ಲಿ ಬರಬೇಕು. ಕಿಲ್ನ್ ನಿಂತ ಮತ್ತು ಹೊತ್ತಿಸಿದ ಗಂಟೆಗಳೂ, ಆಗ ಕಸದ ಕನ್ವೇಯರ್ ನಿಂತಿತ್ತೆಂಬ ದಾಖಲೆಯೂ ಪಂಚಾಯಿತಿಗೆ ಸಿಗಬೇಕು. ಡಯಾಕ್ಸಿನ್ನನ್ನು ಚಿಮಣಿಯ ಆನ್‌ಲೈನ್ ಮೀಟರು ಅಳೆಯುವುದಿಲ್ಲ, ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಅದನ್ನು ತೆಗೆಯುವ ದಿನ ಊರಿನ ಇಬ್ಬರು ಅಲ್ಲಿ ನಿಂತಿರಬೇಕು. ತಿಂಗಳಿಗೊಮ್ಮೆ ಊರವರು ಬೆರಳು ತೋರಿಸಿದ ಬೇಲನ್ನು ಅವರ ಮುಂದೆಯೇ ಬಿಚ್ಚಬೇಕು. ಬೇಲ್ ಬಿಚ್ಚುವ ದಿನ ನಾನೇ ಬಂದು ಓವನ್ ಹಚ್ಚಿ ತೂಗಿ ತೋರಿಸುತ್ತೇನೆ, ಕಲಿಸಿಯೂ ಕೊಡುತ್ತೇನೆ. ಅರ್ಜಿಯ ಕೆಳಗೆ ನನ್ನ ಸಹಿ ಆಗಿದೆ. ಕರಪತ್ರ ಬರೆದ ಹುಡುಗರ ಸಹಿಗೆ ಪಕ್ಕದಲ್ಲೇ ಜಾಗ ಬಿಟ್ಟಿದ್ದೇನೆ.