ಜನನಕ್ಕೆ ಸೂತಕವಿಲ್ಲ

ಹೆರಿಗೆಯೆಂಬುದು ಹೆಣ್ಣಿಗೆ ಮರುಜನ್ಮವೆಂಬ ಮಾತು ಕನ್ನಡ ನಾಡಿನ ಮನೆಮನೆಗಳಲ್ಲಿ ಕೇಳಿಬರುವಂಥದು. ಈ ಮಾತನ್ನು ಮೊದಲು ಆಡಿದವರು ಪಂಡಿತರಲ್ಲ. ಹೆತ್ತವರು ಮತ್ತು ಹೆರಿಗೆ ಮಾಡಿಸಿದವರು. ಒಂದು ಜೀವ ಒಳಬರುವ ಬಾಗಿಲಿನಿಂದಲೇ ಇನ್ನೊಂದು ಜೀವ ಹೊರಹೋಗಬಹುದೆಂಬ ಅರಿವು ಅದರಲ್ಲಿದೆ. ಆ ಭಯವೇ ಮನೆಯವರನ್ನು ದೇವರ ಮುಂದೆ ಕೈಮುಗಿದು ನಿಲ್ಲಿಸುತ್ತಿತ್ತು. ಆದುದರಿಂದ ಮನೆಯ ಮಾತನ್ನೂ ನಂಬಿಕೆಯ ಮಾತನ್ನೂ ಬಿಟ್ಟು ಹೆರಿಗೆಯ ವಿಚಾರವನ್ನು ಎತ್ತುವುದು ಸಾಧ್ಯವಿಲ್ಲ.

ಹಿಂದೆ ಸುರಪುರ ತಾಲೂಕಿನಲ್ಲಿದ್ದು ಈಗ ಹುಣಸಗಿ ತಾಲೂಕಿಗೆ ಸೇರಿರುವ ಕೊಡೇಕಲ್, ನಂಬಿಕೆಯ ಮಾತಿಗೆ ಹೆಸರಾದ ಊರು. 16ನೆಯ ಶತಮಾನದ ಕೊಡೇಕಲ್ಲ ಬಸವಣ್ಣನವರ ಕಾಲಜ್ಞಾನ ವಚನಗಳು ಈ ಕೃಷ್ಣಾತೀರದ ಸೀಮೆಯಿಂದ ನಾಡಿನ ತುಂಬ ಹರಡಿದವು. ಬಳಿಯ ತಿಂಥಣಿಯ ಮೌನೇಶ್ವರರನ್ನು ಹಿಂದೂಗಳೂ ಮುಸಲ್ಮಾನರೂ ಸಮಾನವಾಗಿ ನಂಬಿ ನಡೆಯುತ್ತಾರೆ. ಇಂತಹ ಸೀಮೆಯಲ್ಲಿ ಮಗಳು ಬಸುರಿಯಾದಳೆಂದರೆ ಅದು ಒಂದು ಮನೆಯ ಸುದ್ದಿಯಾಗಿ ಉಳಿಯದು. ತವರಿನವರು ಕುಬಸ ಮಾಡಿ, ಉಡಿ ತುಂಬಿ, ಚೊಚ್ಚಲ ಹೆರಿಗೆಗೆ ಕರೆದೊಯ್ಯುತ್ತಾರೆ. ಹರಕೆ ಕಟ್ಟುವವರು ಕಟ್ಟುತ್ತಾರೆ. ಮಗು ಹುಟ್ಟಿದ ಮೇಲೆ ಸಟವಿ ತಾಯಿಯ ಪೂಜೆ, ತೊಟ್ಟಿಲ ಕಾರ್ಯ, ಬಾಣಂತಿಗೆ ಅಂಟಿನುಂಡೆ ಹೀಗೆ ಒಂದೊಂದಕ್ಕೂ ಒಂದೊಂದು ಕೈ ದುಡಿಯುತ್ತದೆ. ಇದನ್ನೆಲ್ಲ ಮೂಢತನವೆಂದು ತಳ್ಳಿಹಾಕುವುದು ವಿವೇಕವಲ್ಲ. ಹೆದರಿದ ಹೆಣ್ಣಿಗೆ ತಾನು ಒಬ್ಬಂಟಿಯಲ್ಲವೆಂಬ ಧೈರ್ಯವನ್ನು ಕೊಡುತ್ತಿದ್ದುದು ಈ ಆಚಾರಗಳೇ.

ಮನೆಯ ಹೆರಿಗೆಯ ನಿಜವಾದ ಆಧಾರ ಸೂಲಗಿತ್ತಿ. ಅವಳ ಕಾಯಕದ ಹಿರಿಮೆಗೆ ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗಿಂತ ಬೇರೆ ಸಾಕ್ಷಿ ಬೇಡ. ಅಜ್ಜಿಯಿಂದ ವಿದ್ಯೆ ಕಲಿತ ಆ ತಾಯಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಪ್ರತಿಫಲ ಬೇಡದೆ ಮಾಡಿಸಿದರೆಂದು ಪ್ರಸಿದ್ಧಿ. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಕರೆದ ಹೊತ್ತಿಗೆ ಬರುವುದು, ನೋವು ತಿನ್ನುವವಳ ಬೆನ್ನು ಸವರುತ್ತ ರಾತ್ರಿಯಿಡೀ ಕುಳಿತಿರುವುದು, ಕೆಲಸ ಮುಗಿದ ಮೇಲೆ ಇಷ್ಟೇ ಕೊಡಿ ಎನ್ನದೆ ಹೋಗುವುದು ಕಾಯಕವಲ್ಲದೆ ಮತ್ತೇನು?

ಆದರೆ ಇಲ್ಲಿಯೇ ಒಂದು ಪ್ರಶ್ನೆ ಏಳುತ್ತದೆ. ಇಷ್ಟು ದೊಡ್ಡ ಕಾಯಕವನ್ನು ಮಾಡಿದವಳನ್ನು ಸಮಾಜವು ಎಲ್ಲಿ ಕೂರಿಸಿತು? ಹೆತ್ತವಳನ್ನು ಎಲ್ಲಿ ಮಲಗಿಸಿತು? ಅನೇಕ ಮನೆಗಳಲ್ಲಿ ಹೆರಿಗೆಗೆ ದೊರೆಯುತ್ತಿದ್ದುದು ಬೆಳಕಿಲ್ಲದ ಮೂಲೆಯ ಕೋಣೆ, ಇಲ್ಲವೆ ದನ ಕಟ್ಟುವ ಕಡೆಯ ಅಂಕಣ, ಹಳೆಯ ಅರಿವೆ, ಹರಿದ ಚಾಪೆ. ದೇವರ ಜಗುಲಿಯಿಂದ ಅವಳನ್ನು ದೂರವಿಡಲಾಗುತ್ತಿತ್ತು. ಮಗುವನ್ನು ಮೊದಲು ಕೈಯಲ್ಲಿ ಹಿಡಿದ ಸೂಲಗಿತ್ತಿ ಕೆಳಗಿನ ಜಾತಿಯವಳಾದರೆ, ಕೆಲಸವಾದ ಮೇಲೆ ಅವಳಿಗೆ ಅಡುಗೆಮನೆಯ ಹೊಸ್ತಿಲು ನಿಷಿದ್ಧ. ಇದೆಲ್ಲಕ್ಕೂ ಕಾರಣ ಒಂದೇ: ಜನನವು ಸೂತಕವೆಂಬ ಭಾವನೆ.

ಈ ಭಾವನೆಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಕಿತ್ತೆಸೆದರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳು ಲಿಂಗವಂತನಿಗೆ ಇಲ್ಲವೆಂಬುದು ಧರ್ಮದ ಮೂಲಭೂತ ನಿಲುವು. ತಾಯಿಯ ಉದರದಲ್ಲಿರುವ ಜೀವಕ್ಕೇ ಲಿಂಗಸಂಸ್ಕಾರ ನೀಡುವ ಪದ್ಧತಿಯೂ, ಹುಟ್ಟಿದ ಶಿಶುವಿಗೆ ವಿಭೂತಿಯಿಟ್ಟು ಲಿಂಗಧಾರಣೆ ಮಾಡುವ ಪದ್ಧತಿಯೂ ಈ ನಿಲುವಿನಿಂದಲೇ ಬೆಳೆದವು. ಗರ್ಭವನ್ನೇ ಪವಿತ್ರವೆಂದ ಧರ್ಮದ ಮನೆಯಲ್ಲಿ ಹೆತ್ತವಳು ಮೈಲಿಗೆಯಾಗುವುದು ಹೇಗೆ? ಮಗುವಿನ ಕೊರಳಿಗೆ ಲಿಂಗ ಕಟ್ಟಿ, ಅದರ ತಾಯಿಯನ್ನು ಕತ್ತಲೆಯಲ್ಲಿ ಮಲಗಿಸುವುದು ಆಚಾರವಲ್ಲ. ಆಚಾರದ ಹೆಸರಿನಲ್ಲಿ ನಡೆಯುವ ಮರೆವು.

ಈ ಮರೆವಿನ ಬೆಲೆಯನ್ನು ತೆತ್ತವರು ತಾಯಂದಿರು ಮತ್ತು ಶಿಶುಗಳು. ಹೊಲಸು ಜಾಗ, ತುಕ್ಕು ಹಿಡಿದ ಕುಡುಗೋಲು, ಹೊಕ್ಕುಳಿಗೆ ಹಚ್ಚಿದ ಬೂದಿ, ಇವು ಎಷ್ಟೋ ಹಸುಗೂಸುಗಳನ್ನು ಧನುರ್ವಾಯುವಿಗೆ ಒಪ್ಪಿಸಿದವು. ತಾಯಂದಿರಿಗೆ ಹಾಕಿದ ಚುಚ್ಚುಮದ್ದು ಹಾಗೂ ಶುಚಿಯಾದ ಹೆರಿಗೆಯ ಫಲವಾಗಿ 2015ರಲ್ಲಿ ಭಾರತವು ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಮನ್ನಣೆ ಪಡೆಯಿತು. ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಔಡಲೆಣ್ಣೆ ಹಾಕುವುದೂ ಇಂಥದೇ ತಪ್ಪು. ಆ ಹಳದಿ ಹಾಲೇ ಮಗುವಿಗೆ ರೋಗದಿಂದ ಸಿಗುವ ಮೊದಲ ರಕ್ಷಣೆ. ಹುಟ್ಟಿದ ಒಂದು ಗಂಟೆಯೊಳಗೆ ಅದು ಕೂಸಿಗೆ ದೊರೆಯಬೇಕು.

ಎಲ್ಲಕ್ಕಿಂತ ಭಯಂಕರವಾದುದು ಹೆರಿಗೆಯ ನಂತರದ ರಕ್ತಸ್ರಾವ. ಎಷ್ಟೇ ನುರಿತ ಸೂಲಗಿತ್ತಿಯಾದರೂ ಇದರ ಮುಂದೆ ಅವಳ ಕೈ ಬರಿದು. ಚಿಕಿತ್ಸೆ ದೊರೆಯದಿದ್ದರೆ ಎರಡು ಗಂಟೆಗಳೊಳಗೇ ತಾಯಿ ತೀರಿಕೊಳ್ಳಬಹುದು. ಗರ್ಭಕೋಶವನ್ನು ಬಿಗಿಗೊಳಿಸುವ ಚುಚ್ಚುಮದ್ದು, ನರಕ್ಕೆ ಹರಿಸುವ ದ್ರವ, ಬೇಕಾದಾಗ ರಕ್ತ, ಇವಿಷ್ಟೂ ಆಸ್ಪತ್ರೆಯಲ್ಲಿ ಮಾತ್ರ ಸಿಗುವಂಥವು. ಜೋಳದ ರೊಟ್ಟಿಯನ್ನೇ ನೆಚ್ಚಿಕೊಂಡು ಬಿಸಿಲಿನಲ್ಲಿ ದುಡಿವ, ದುಡಿಮೆಗಾಗಿ ಬೆಂಗಳೂರು, ಮುಂಬಯಿ, ಪುಣೆಗಳಿಗೆ ಗುಳೆ ಹೋಗುವ, ರಕ್ತಹೀನತೆಯಿಂದ ಬಳಲುವ ಹೆಣ್ಣಿಗೆ ಆ ಎರಡು ಗಂಟೆಗಳೂ ದೀರ್ಘಕಾಲವೇ.

ಅಂಕಿಸಂಖ್ಯೆಗಳು ಈ ಮಾತನ್ನು ಸಮರ್ಥಿಸುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 1998-99ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಆಸ್ಪತ್ರೆಗಳಲ್ಲಿ ಆದವು ನೂರಕ್ಕೆ ಸುಮಾರು 51. 2019-21ರ ಹೊತ್ತಿಗೆ 97. ಒಂದು ಲಕ್ಷ ಜೀವಂತ ಜನನಗಳಿಗೆ 2001-03ರಲ್ಲಿ ರಾಜ್ಯದಲ್ಲಿ 228 ತಾಯಂದಿರು ಸಾಯುತ್ತಿದ್ದರೆ, 2018-20ರಲ್ಲಿ ಆ ಸಂಖ್ಯೆ 69ಕ್ಕೆ ಇಳಿಯಿತು. 2005ರ ಜನನಿ ಸುರಕ್ಷಾ ಯೋಜನೆ, ಮನೆಮನೆಗೆ ತಿರುಗುವ ಆಶಾ ಕಾರ್ಯಕರ್ತೆಯರು, 2008ರಲ್ಲಿ ಆರಂಭವಾದ 108ರ ಆರೋಗ್ಯ ಕವಚ, ಇವೆಲ್ಲ ಇದಕ್ಕೆ ಕಾರಣವಾದವು. ಆದರೂ ಯಾದಗಿರಿ ಜಿಲ್ಲೆಯು 2018ರಲ್ಲಿ ದೇಶದ ಹಿಂದುಳಿದ ಜಿಲ್ಲೆಗಳ ಏಳಿಗೆಗೆಂದು ಸಿದ್ಧವಾದ ಪಟ್ಟಿಯಲ್ಲಿ ರಾಯಚೂರಿನೊಡನೆ ಸೇರಬೇಕಾಯಿತೆಂಬುದನ್ನು ಮರೆಯಲಾಗದು.

ಮನೆಯಲ್ಲಿ ದೊರೆಯುತ್ತಿದ್ದ ಅಂತಃಕರಣ ಆಸ್ಪತ್ರೆಯಲ್ಲಿ ಎಲ್ಲಿದೆಯೆಂದು ಹಿರಿಯ ತಾಯಂದಿರು ಕೇಳುವುದುಂಟು. ಆ ಮಾತಿನಲ್ಲಿ ಸತ್ಯವಿದೆ. ಗದರಿಸುವ ಧ್ವನಿ, ತಾಯಿ ಅತ್ತೆಯರನ್ನು ಹೊರಗೆ ನಿಲ್ಲಿಸುವ ಬಾಗಿಲು, ಇವು ಹೆದರಿದ ಹೆಣ್ಣನ್ನು ಮತ್ತಷ್ಟು ಹೆದರಿಸುತ್ತವೆ. ಇದಕ್ಕೆ ಪರಿಹಾರ ಆಸ್ಪತ್ರೆಯನ್ನು ಬಿಡುವುದಲ್ಲ. ಸೂಲಗಿತ್ತಿಯ ಗುಣವನ್ನು ಆಸ್ಪತ್ರೆಗೆ ತರುವುದು. 2018ರ ಡಿಸೆಂಬರಿನಲ್ಲಿ ಭಾರತ ಸರ್ಕಾರ ಹೊರಡಿಸಿದ ಮಾರ್ಗಸೂಚಿಯು ದಾದಿಯರಿಗೆ ಹೆರಿಗೆಯ ವಿದ್ಯೆಯಲ್ಲಿ 18 ತಿಂಗಳ ವಿಶೇಷ ಶಿಕ್ಷಣವನ್ನು ವಿಧಿಸಿರುವುದು ಈ ದಿಕ್ಕಿನ ಹೆಜ್ಜೆ. ಅಜ್ಜಿಯ ಮಮತೆಯೂ ವೈದ್ಯಶಾಸ್ತ್ರದ ಅರಿವೂ ಒಂದೇ ಕೈಯಲ್ಲಿ ಕೂಡಿದಾಗ ಮಾತ್ರ ಈ ಕಾಯಕ ಪೂರ್ಣವಾಗುತ್ತದೆ.

ನಂಬಿಕೆಗೂ ಇದರಿಂದ ಯಾವ ಕುಂದೂ ಇಲ್ಲ. ಹೆರಿಗೆ ಆಸ್ಪತ್ರೆಯಲ್ಲಾದ ಮಾತ್ರಕ್ಕೆ ಲಿಂಗಧಾರಣೆ ನಿಲ್ಲುವುದಿಲ್ಲ, ತೊಟ್ಟಿಲು ಬರಿದಾಗುವುದಿಲ್ಲ, ಅಂಟಿನುಂಡೆಯ ರುಚಿ ಕೆಡುವುದಿಲ್ಲ. ಹರಕೆ ಕಟ್ಟಿದ ಕೈಯೇ ವಾಹನವನ್ನೂ ಕರೆಯಲಿ. ಮನೆಗೆ ಮರಳಿದ ಬಾಣಂತಿಗೆ ಗಾಳಿ ಬೆಳಕುಳ್ಳ ಕೋಣೆ ದೊರೆಯಲಿ. ಜೀವವನ್ನು ಉಳಿಸುವ ಯತ್ನವೇ ದೇವರಿಗೆ ಸಲ್ಲುವ ಮೊದಲ ಪೂಜೆ.

ಮಠಗಳ ಆಶ್ರಯದಲ್ಲಿ ಬೆಳೆದ ವಿದ್ಯಾಸಂಸ್ಥೆಗಳಿಗೆ ಇದರಲ್ಲಿ ಹೊಣೆಯುಂಟು. ಅನ್ನದಾಸೋಹ, ಜ್ಞಾನದಾಸೋಹಗಳಿಗೆ ಹೆಸರಾದ ಸಂಸ್ಥೆಗಳು ಜೀವದಾಸೋಹವನ್ನೂ ಕೈಗೊಳ್ಳಬೇಕು. ಹದಿನೆಂಟು ತುಂಬದ ವಿದ್ಯಾರ್ಥಿನಿ ಶಾಲೆ ಬಿಟ್ಟು ಹಸೆಮಣೆ ಏರದಂತೆ ಕಾಯುವುದು ಅಧ್ಯಾಪಕರ ಕೆಲಸ. ಎಳೆಯ ವಯಸ್ಸಿನ ಬಸಿರು ತಾಯಿಗೂ ಕೂಸಿಗೂ ಗಂಡಾಂತರವೆಂಬುದನ್ನು ಪಾಲಕರಿಗೆ ತಿಳಿಸಿಹೇಳುವವರು ಅವರೇ. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಕೂಡಿದಾಗ ಹಾರ ತುರಾಯಿಗಳ ಜೊತೆಗೆ ರಕ್ತದಾನವೂ ನಡೆದರೆ, ಆ ರಕ್ತ ಯಾವ ತಾಯಿಯ ಯಾವ ರಾತ್ರಿಗೆ ಒದಗೀತೋ ಹೇಳಲಾಗದು. ದಾನಿಗಳು ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಕೊಠಡಿಯ ಜೊತೆಗೆ ಬಡ ಹೆಣ್ಣುಮಗಳೊಬ್ಬಳ ದಾದಿ ಶಿಕ್ಷಣದ ವೆಚ್ಚವನ್ನೂ ವಹಿಸಿಕೊಂಡರೆ, ಅವಳ ಕೈಯಲ್ಲಿ ಹುಟ್ಟುವ ಮಕ್ಕಳಿಗೆ ಲೆಕ್ಕವಿರದು.

ಸೂತಕವಿಲ್ಲವೆಂದು ಸಾರಿದ ಧರ್ಮವು ಬಾಯಿಮಾತಿನಲ್ಲಿ ಉಳಿಯುವುದಿಲ್ಲ. ಹೆತ್ತ ತಾಯಿ ಮಲಗಿದ ಕೋಣೆಯಲ್ಲಿ ಬೆಳಕಿದೆಯೇ, ಅವಳ ಬಳಿ ಅರಿತವರೊಬ್ಬರು ಇದ್ದಾರೆಯೇ, ಹೆರಿಗೆ ಮಾಡಿಸಿದ ಕೈಗೆ ಮನೆಯವರು ತಮ್ಮ ಪಂಕ್ತಿಯಲ್ಲಿ ಊಟವಿಕ್ಕುತ್ತಾರೆಯೇ ಎಂಬ ಮೂರು ಪ್ರಶ್ನೆಗಳಲ್ಲಿ ಅದರ ಪರೀಕ್ಷೆ ನಡೆಯುತ್ತದೆ. ಮೂರಕ್ಕೂ ಹೌದೆನ್ನಬಲ್ಲ ಮನೆಯೇ ಶರಣರ ಮನೆ.